ಬಿಯರ್‌ಗೆ ನಲ್ಲಿ ನೀರು: ಒಂದು ಗಂಟೆ ಕುದಿಸಿದರೆ ಸಾಕೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಅಮೆರಿಕಕ್ಕೆ ಹೊಸದಾಗಿ ಬಂದಿದ್ದೀರಿ, ಮನೆಯಲ್ಲಿ ಬಿಯರ್ ಮಾಡಲು ಕಿಟ್ ತಂದಿಟ್ಟಿದ್ದೀರಿ. ನಲ್ಲಿ ನೀರು ಹಾಕಬಹುದೇ, ಸುರಕ್ಷಿತವೇ, ಹೇಗೂ ಒಂದು ಗಂಟೆ ಕುದಿಸುತ್ತೇವಲ್ಲ, ಅಷ್ಟು ಸಾಲದೇ ಎಂದು ಕೇಳಿದ್ದೀರಿ.

ನಲ್ಲಿ ನೀರು ಧಾರಾಳವಾಗಿ ಹಾಕಿ. ನಾನು ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಊರಲ್ಲಿದ್ದೇನೆ, ಆರು ವರ್ಷದಿಂದ ನಲ್ಲಿ ನೀರಲ್ಲೇ ಮಾಡುತ್ತಿದ್ದೇನೆ. ಆದರೆ ಕುದಿಸುವುದರಿಂದ ಸಾಯುವುದು ಕ್ರಿಮಿ ಮಾತ್ರ. ಆ ಕ್ರಿಮಿಗಳನ್ನು ಕೊಲ್ಲಲೆಂದು ನೀರಿನವರು ಹಾಕಿರುತ್ತಾರಲ್ಲ ಔಷಧಿ, ಬಿಯರ್ ಕೆಡಿಸುವುದು ಅದು.

ನಾನು ಬೆಳೆದದ್ದು ಮೈಸೂರಿನಲ್ಲಿ. ನಲ್ಲಿ ನೀರು ಬ್ಲೀಚಿಂಗ್ ಪೌಡರ್ ವಾಸನೆ ಹೊಡೆದ ದಿನ ಅಮ್ಮ ಅದನ್ನು ಅಗಲ ಬಾಯಿಯ ತಪ್ಪಲೆಗೆ ತುಂಬಿ, ಮೇಲೊಂದು ತೆಳು ಬಟ್ಟೆ ಹಾಕಿ ರಾತ್ರಿಯಿಡೀ ಬಿಡುತ್ತಿದ್ದರು. ಬೆಳಿಗ್ಗೆ ವಾಸನೆ ಇರುತ್ತಿರಲಿಲ್ಲ. ಇಲ್ಲಿ ಮೊದಲ ಸಲ ಬಿಯರ್ ಮಾಡುವಾಗ ನಾನೂ ಹಾಗೇ ಮಾಡಿದೆ. ಐದು ವಾರ ಕಾದು ಬಾಟಲಿ ತೆರೆದೆ. ಬಣ್ಣ ಚೆನ್ನಾಗಿತ್ತು, ನೊರೆ ಚೆನ್ನಾಗಿತ್ತು. ಮೂಗಿನ ಹತ್ತಿರ ತಂದರೆ ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ಪಟ್ಟಿಯ ಹೊಸ ಪೊಟ್ಟಣ ಹರಿದಂಥ ವಾಸನೆ. ಕುಡಿದರೆ ಗಂಟಲ ಬುಡದಲ್ಲಿ ಡೆಟಾಲ್ ಒಗರು. ಐದು ಗ್ಯಾಲನ್, ಅಂದರೆ 19 ಲೀಟರ್, ಪೂರ್ತಿ ಸಿಂಕಿಗೆ ಸುರಿದೆ. ಆ ದಿನ ನಿಜವಾಗಿಯೂ ಬೇಜಾರಾಯಿತು.

ಡೆಟಾಲ್ ನೆನಪಾದದ್ದು ಸುಮ್ಮನೆ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಡೆಟಾಲ್‌ನಲ್ಲಿ ಕೆಲಸ ಮಾಡುವ ವಸ್ತು ಕ್ಲೋರೋಕ್ಸೈಲೆನಾಲ್, ಅದು ಕ್ಲೋರಿನ್ ಸೇರಿದ ಫಿನಾಲ್ (ಫಿನಾಲ್ ಎಂದರೆ ಒಂದು ಬಳಗದ ರಾಸಾಯನಿಕ). ಬಿಯರ್‌ನಲ್ಲೂ ಅದೇ ಬಳಗದ ವಸ್ತು ಹುಟ್ಟುತ್ತದೆ. ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಹೊಟ್ಟಿನಲ್ಲಿ ಫಿನಾಲ್‌ಗಳಿವೆ, ಯೀಸ್ಟ್ ಕೂಡ ಒಂದಿಷ್ಟು ಮಾಡುತ್ತದೆ. ನೀರಿನ ಕ್ಲೋರಿನ್ ಅವುಗಳಿಗೆ ಅಂಟಿಕೊಂಡರೆ ಕ್ಲೋರೋಫಿನಾಲ್. ನೂರು ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ನಾಲಿಗೆ ಹಿಡಿದುಬಿಡುತ್ತದೆ. ಒಮ್ಮೆ ಹುಟ್ಟಿದ ಮೇಲೆ ಎಷ್ಟು ತಿಂಗಳು ಇಟ್ಟರೂ ಹೋಗುವುದಿಲ್ಲ.

ಹಾಗಾದರೆ ಅಮ್ಮನ ಉಪಾಯ ಇಲ್ಲಿ ಯಾಕೆ ಕೈಕೊಟ್ಟಿತು? ಬರೀ ಕ್ಲೋರಿನ್ ಆಗಿದ್ದರೆ ತೆರೆದಿಟ್ಟ ನೀರಿನಿಂದ ಹಾರಿಹೋಗುತ್ತದೆ, ಕುದಿಸಿದರೆ ಇನ್ನೂ ಬೇಗ. ಆದರೆ ಸ್ಯಾನ್ ಫ್ರಾನ್ಸಿಸ್ಕೋ ನೀರಿಗೆ 2004ರಿಂದ ಹಾಕುತ್ತಿರುವುದು ಕ್ಲೋರಮಿನ್, ಅಂದರೆ ಕ್ಲೋರಿನ್ ಜೊತೆ ಅಮೋನಿಯಾ. ಉದ್ದುದ್ದ ಕೊಳವೆಗಳಲ್ಲಿ ಕೊನೆಯ ಮನೆಯವರೆಗೂ ಉಳಿಯಲಿ ಎಂದೇ ಇದನ್ನು ಬಳಸುವುದು. ರಾತ್ರಿಯಿಡೀ ಬಿಟ್ಟರೂ ಹಾಗೇ ಇರುತ್ತದೆ. ಕುದಿಸಿದರೆ ಸ್ವಲ್ಪ ಕಡಿಮೆಯಾಗಬಹುದು, ನಂಬಿ ಕೂರುವಷ್ಟಲ್ಲ. ಇನ್ನೊಂದು ವಿಷಯವನ್ನು ತುಂಬಾ ಜನ ಗಮನಿಸುವುದೇ ಇಲ್ಲ: ಕಾಳಿನಿಂದ ಮಾಡುವಾಗ ನೀರು ಮಾಲ್ಟನ್ನು ಸೇರುವುದು ಕುದಿಸುವುದಕ್ಕಿಂತ ಮೊದಲು, ಮ್ಯಾಶ್‌ನಲ್ಲಿ, ಅಂದರೆ ಒಡೆದ ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸುವ ಹಂತದಲ್ಲಿ. ನೀವು ಒಲೆ ಜೋರು ಮಾಡುವ ಹೊತ್ತಿಗೆ ಆಗಬೇಕಾದ್ದು ಆಗಿಹೋಗಿರುತ್ತದೆ.

ಕುಡಿಯುವವರಿಗೆ ನೀರಿನ ಕ್ಲೋರಮಿನ್‌ನಿಂದ ಅಪಾಯವಿಲ್ಲ. ನೀರಿನಲ್ಲಿ ಅದು ಲೀಟರಿಗೆ 4 ಮಿಲಿಗ್ರಾಂ ಮೀರಬಾರದೆಂದು ಇಲ್ಲಿನ ಕಾನೂನಿದೆ. ಕೆಡುವುದು ರುಚಿ.

ಪರಿಹಾರ ಬಹಳ ಸುಲಭ. ಕ್ಯಾಂಪ್ಡನ್ ಮಾತ್ರೆ ಅಂತ ಹೋಮ್‌ಬ್ರೂ ಅಂಗಡಿಯಲ್ಲಿ ಸಿಗುತ್ತದೆ. ಪೊಟ್ಯಾಸಿಯಂ ಅಥವಾ ಸೋಡಿಯಂ ಮೆಟಾಬೈಸಲ್ಫೈಟ್. ಒಂದು ಮಾತ್ರೆ 20 ಗ್ಯಾಲನ್, ಸುಮಾರು 75 ಲೀಟರ್ ನೀರಿಗೆ ಸಾಕು. ನಿಮ್ಮ ಐದು ಗ್ಯಾಲನ್‌ಗೆ ಕಾಲು ಮಾತ್ರೆ. ಚಮಚದ ಹಿಂಬದಿಯಿಂದ ನುಣ್ಣಗೆ ಪುಡಿ ಮಾಡಿ, ತಣ್ಣೀರಿಗೇ ಹಾಕಿ ಕಲಕಿ, ಕೆಲವು ನಿಮಿಷ ಬಿಡಿ. ಕ್ಲೋರಿನ್ ಆಗಲಿ ಕ್ಲೋರಮಿನ್ ಆಗಲಿ, ಎರಡೂ ಹೋಗುತ್ತವೆ. ಉಳಿಯುವುದು ಚೂರು ಸಲ್ಫೇಟ್, ಕ್ಲೋರೈಡ್, ಅಮೋನಿಯಂ. ಮನೆಯಲ್ಲಿ ಸಲ್ಫೈಟ್ ಆಗದ ಆಸ್ತಮಾದವರಿದ್ದರೆ ಪುಡಿಯ ಗಾಳಿ ಅವರ ಮೂಗಿಗೆ ತಾಗದಂತೆ ನೋಡಿಕೊಳ್ಳಿ. ಫ್ರಿಜ್‌ನಲ್ಲಿಡುವ ಫಿಲ್ಟರ್ ಜಗ್ಗು ಕ್ಲೋರಮಿನ್‌ಗೆ ಸಾಲದು. ಇದ್ದಿಲು ಫಿಲ್ಟರ್‌ನಲ್ಲಿ ನೀರು ಬಹಳ ನಿಧಾನ ಹರಿದರೆ ಮಾತ್ರ ಅದು ಹೋಗುತ್ತದೆ. ನಿಮ್ಮೂರಿನ ನೀರಿನಲ್ಲಿ ಯಾವುದಿದೆ ಎನ್ನುವುದು ನೀರಿನವರು ಪ್ರತಿವರ್ಷ ಹೊರತರುವ ಗುಣಮಟ್ಟದ ವರದಿಯಲ್ಲಿರುತ್ತದೆ. ಅದನ್ನು ಹುಡುಕುವವರೆಗೂ ಕಾಯಬೇಡಿ, ಕಾಲು ಮಾತ್ರೆ ಹಾಕಿಯೇ ಹಾಕಿ.

ಈಗ ಕ್ರಿಮಿಯ ವಿಷಯ. ಕುದಿಯುವ ಮೊದಲು ಬೀಳುವ ನೀರಿನ ಬಗ್ಗೆ ಆ ಚಿಂತೆ ಬೇಡ. ಕುದಿ ಮುಗಿದ ಮೇಲೆ ಬೀಳುವ ಒಂದೊಂದು ಲೋಟದ ಬಗ್ಗೆಯೂ ಇರಲಿ. ಕಿಟ್‌ಗಳಲ್ಲಿ ಸಾಮಾನ್ಯವಾಗಿ ಎರಡು ಮೂರು ಗ್ಯಾಲನ್ ಮಾತ್ರ ಕುದಿಸಿ, ಆಮೇಲೆ ತಣ್ಣೀರು ಸೇರಿಸಿ ಐದಕ್ಕೆ ತನ್ನಿ ಎಂದಿರುತ್ತದೆ. ಆ ತಣ್ಣೀರನ್ನು ನಾನು ಹಿಂದಿನ ರಾತ್ರಿಯೇ ಮಾತ್ರೆ ಹಾಕಿ, ಕುದಿಸಿ, ಮುಚ್ಚಿಟ್ಟು ಆರಿಸುತ್ತೇನೆ. ಒಣ ಯೀಸ್ಟ್ ನೆನೆಸುವ ನೀರೂ ಹಾಗೇ. ತೊಳೆಯಬೇಕಿಲ್ಲದ ಸ್ಯಾನಿಟೈಸರ್ ಹಾಕಿದ ಪಾತ್ರೆಯನ್ನು ಮತ್ತೆ ನಲ್ಲಿಗೆ ಹಿಡಿಯಬೇಡಿ.

ಸೀಸದ ಬಗ್ಗೆ ಯಾರೂ ಕೇಳುವುದಿಲ್ಲ, ಆದರೆ ಸುರಕ್ಷಿತವೇ ಎಂದು ಕೇಳಿದ್ದೀರಿ, ಅದಕ್ಕೇ ಹೇಳುತ್ತಿದ್ದೇನೆ. 1986ಕ್ಕಿಂತ ಹಿಂದಿನ ಮನೆಗಳಲ್ಲಿ ಸೀಸದ ಬೆಸುಗೆ ಇರಬಹುದು. ಸಮಯ ಉಳಿಯಲಿ ಎಂದು ಬಿಸಿನೀರಿನ ನಲ್ಲಿಯಿಂದ ಪಾತ್ರೆ ತುಂಬುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬಿಸಿನೀರು ಸೀಸವನ್ನು ಹೆಚ್ಚು ಕರಗಿಸುತ್ತದೆ. ಕುದಿಸಿದರೆ ಸೀಸ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ತಣ್ಣೀರಿನ ನಲ್ಲಿಯನ್ನೇ ಕೆಲವು ನಿಮಿಷ ಹರಿಯಬಿಟ್ಟು ತುಂಬಿ, ಹರಿದದ್ದು ಗಿಡಕ್ಕಾಗುತ್ತದೆ. ಹಿತ್ತಲಲ್ಲಿ ಕುದಿಸುವುದಾದರೆ ಗಿಡಕ್ಕೆ ನೀರು ಹಾಯಿಸುವ ಹಸಿರು ಪೈಪು ಬೇಡ, ಕುಡಿಯುವ ನೀರಿಗೆಂದೇ ಮಾಡಿದ ಪೈಪು ಸಿಗುತ್ತದೆ. ಮನೆಗೆ ನೀರು ಮೆದುಮಾಡುವ ಯಂತ್ರ ಇದ್ದರೆ ಅದಕ್ಕೂ ಮೊದಲಿನ ನಲ್ಲಿಯಿಂದ ಹಿಡಿಯಿರಿ. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆ, ಮ್ಯಾಶ್‌ಗೆ ಬೇಕಾದದ್ದು ಕ್ಯಾಲ್ಸಿಯಂ. ಗಡಸುತನ, ಪಿಎಚ್ ಎಲ್ಲ ನಾಲ್ಕೈದು ಸಲ ಮಾಡಿದ ಮೇಲೆ ನೋಡಿಕೊಳ್ಳಬಹುದು.

ಊರಿನಿಂದ ಇದನ್ನು ಓದುತ್ತಿರುವವರು ಮನೆಯಲ್ಲಿ ಪ್ರಯತ್ನಿಸಬೇಡಿ. ಪರವಾನಗಿ ಇಲ್ಲದೆ ಬಿಯರ್ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ. ಅಮೆರಿಕದಲ್ಲಿ 1978ರ ಒಕ್ಕೂಟ ಕಾನೂನಿನಂತೆ ಇಬ್ಬರು ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್‌ವರೆಗೆ ಮಾಡಬಹುದು, ಮಾರುವಂತಿಲ್ಲ.

ಕಿಟ್‌ನಲ್ಲಿ ಕ್ಯಾಂಪ್ಡನ್ ಇದೆಯೇ ಎಂದು ಇವತ್ತೇ ತೆರೆದು ನೋಡಿ. ಇಲ್ಲದಿದ್ದರೆ ಅದು ಸಿಗುವವರೆಗೆ ಮಾಲ್ಟ್ ಚೀಲ ಬಿಚ್ಚಬೇಡಿ. ಮೊದಲ ಬಾಟಲಿ ತೆರೆದ ದಿನ ವಾಸನೆ ಹೇಗಿತ್ತು ಅಂತ ಇಲ್ಲೇ ಬರೆಯಿರಿ, ಕಾಯುತ್ತಿರುತ್ತೇನೆ.