ಸಂಪಾದಕರ ಉತ್ತರ: ಆಟದ ಮಧ್ಯ ಎದ್ದು ಹೋದ ಹುಡುಗ

(ದಾವಣಗೆರೆಯ ನಿವೃತ್ತ ದೈಹಿಕ ಶಿಕ್ಷಕರೊಬ್ಬರ ಪತ್ರ: "ಅಮೆರಿಕದ ಕೊಲಂಬಸ್‌ನಲ್ಲಿ ಓದ್ತಿರೋ ಮೊಮ್ಮಗ ವಾಟ್ಸಾಪಲ್ಲಿ ಹಳೇ ವಿಡಿಯೋ ಒಂದನ್ನ ಕಳಿಸಿದ್ದ. ಅವನ ಯೂನಿವರ್ಸಿಟಿ ಫುಟ್‌ಬಾಲ್ ಟೀಮಿನ ಹುಡುಗನೊಬ್ಬ ಮ್ಯಾಚ್ ನಡೀತಿರುವಾಗಲೇ ಗ್ಲೌಸ್ ಬಿಸಾಕಿ ಹೊರಟು ಹೋಗ್ತಾನೆ. ಮೊಮ್ಮಗ ಅವನದ್ದೇ ಸರಿ ಅಂತಾನೆ. ಜೀವನಪೂರ್ತಿ ಮಕ್ಕಳಿಗೆ ಶಿಸ್ತು ಹೇಳಿಕೊಟ್ಟವನು ನಾನು. ಟೀಮನ್ನ ನಡುನೀರಲ್ಲಿ ಕೈಬಿಟ್ಟವನನ್ನ ಹೊಗಳೋ ಕಾಲ ಬಂತಲ್ಲ, ಇದಕ್ಕೆ ನೀವೇನಂತೀರಿ?")

ಮೇಷ್ಟ್ರೇ, ನಮಸ್ಕಾರ. ಇಷ್ಟು ದುಂಡಗಿನ ಅಕ್ಷರದಲ್ಲಿ, ಒಂದೂ ಕಾಟು ಹೊಡೀದೆ ಬರೆದ ಪತ್ರ ನಮ್ಮ ಆಫೀಸಿಗೆ ಬಂದು ಎಷ್ಟು ಕಾಲ ಆಗಿತ್ತೋ, ಡೆಸ್ಕಿನವರಿಗೆಲ್ಲ ತೋರಿಸಿದೆ. ನಾಲ್ಕು ಸಾಲಲ್ಲಿ ಉತ್ತರ ಕೊಟ್ಟು ಮುಗಿಸಬಹುದಿತ್ತು, ಆದರೆ ನೀವು ಕೈ ಹಾಕಿರೋದು ನಾನು ವರ್ಷಗಟ್ಟಲೆ ಮನಸ್ಸಲ್ಲಿಟ್ಕೊಂಡಿರೋ ವಿಷಯಕ್ಕೆ, ಹಾಗಾಗಿ ಸ್ವಲ್ಪ ಉದ್ದವಾಗುತ್ತೆ, ಬೇಜಾರು ಮಾಡ್ಕೋಬೇಡಿ.

ನಿಮ್ಮ ಮಾತಲ್ಲಿ ನಿಜ ಇದೆ, ಅದನ್ನ ಮೊದಲು ಒಪ್ಕೋತೀನಿ. ಕಬಡ್ಡೀಲಿ ಏಳು ಜನರಲ್ಲಿ ಒಬ್ಬ ಎದ್ದು ಹೋದ್ರೆ ಭಾರ ಬೀಳೋದು ಉಳಿದ ಆರು ಮಕ್ಕಳ ಮೇಲೆ, ಅವರೇನೂ ತಪ್ಪು ಮಾಡಿರಲ್ಲ. ಸರಿ. ಆದರೆ ಆ ವಿಡಿಯೋದಲ್ಲಿ ನಡೆದದ್ದು ಅದೇನಾ ಅನ್ನೋದನ್ನ ಸ್ವಲ್ಪ ನಿಧಾನಕ್ಕೆ ನೋಡೋಣ.

ಅದು 2021ರ ಸೆಪ್ಟೆಂಬರ್ 25, ಶನಿವಾರ. ನಿಮ್ಮ ಮೊಮ್ಮಗನ ಯೂನಿವರ್ಸಿಟಿ ಓಹಾಯೊ ಸ್ಟೇಟ್ ತನ್ನ ಸ್ವಂತ ಮೈದಾನದಲ್ಲಿ ಆಕ್ರನ್ ಯೂನಿವರ್ಸಿಟಿ ಮೇಲೆ ಆಡ್ತಿತ್ತು. ಒಂದು ಲಕ್ಷಕ್ಕೂ ಹೆಚ್ಚು ಜನ ಕೂರೋ ಮೈದಾನ ಅದು. ಎರಡು ವಾರದ ಹಿಂದೆ ಅಲ್ಲೇ ಆರೆಗನ್ ಯೂನಿವರ್ಸಿಟಿ ಕೈಲಿ 35-28 ಸೋತಿದ್ರು, ಡಿಫೆನ್ಸ್ ಸರಿ ಇಲ್ಲ ಅಂತ ಊರೆಲ್ಲ ಬೈತಿತ್ತು. ಈ ಹುಡುಗ ಕೆವಾನ್ ಪೋಪ್ ಡಿಫೆನ್ಸಲ್ಲಿ ಲೈನ್‌ಬ್ಯಾಕರ್, ಅಂದ್ರೆ ಮುಂದಿನ ಸಾಲಿನ ಹಿಂದೆ ನಿಂತು ಎದುರಾಳಿಯನ್ನ ತಡೆಯೋನು, ಆ ಕಾಲೇಜಲ್ಲಿ ಅವನಿಗದು ನಾಲ್ಕನೇ ವರ್ಷ. ಅಮೆರಿಕನ್ ಫುಟ್‌ಬಾಲಲ್ಲಿ, ಅದು ನಮ್ಮ ಫುಟ್‌ಬಾಲ್ ಅಲ್ಲ, ಆಟಗಾರರನ್ನ ಎಷ್ಟು ಸಲ ಬೇಕಾದ್ರೂ ಒಳಗೆ ಹೊರಗೆ ಮಾಡಬಹುದು, ಒಂದೊಂದು ಸುತ್ತಿನ ಆಟ ಮುಗಿದಾಗ್ಲೂ ಯಾರು ಒಳಗೆ, ಯಾರು ಹೊರಗೆ ಅಂತ ಸನ್ನೆ ಹೋಗ್ತಿರುತ್ತೆ. ಪೋಪ್ ಒಳಗೆ ಓಡಿದ, ಒಳಗಿದ್ದ ಇನ್ನೊಬ್ಬ ಲೈನ್‌ಬ್ಯಾಕರ್ ನೀನು ಬೇಡ, ವಾಪಸ್ ಹೋಗು ಅಂತ ಕೈಬೀಸಿದ. ಅಷ್ಟೇ ನಡೆದದ್ದು. ಹುಡುಗ ಹೆಲ್ಮೆಟ್ ಹಿಡ್ಕೊಂಡು ಲಾಕರ್ ರೂಮಿನ ಕಡೆ ನಡೆದ, ಸಿಬ್ಬಂದಿ ಒಬ್ಬರು ಸಮಾಧಾನ ಮಾಡೋಕೆ ನೋಡಿದ್ರು, ಆಗಲಿಲ್ಲ, ಜೆರ್ಸಿ ಬಿಚ್ಚಿದ, ಗ್ಲೌಸನ್ನ ಪ್ರೇಕ್ಷಕರತ್ತ ಎಸೆದ. ಆಮೇಲೆ ಮ್ಯಾಚ್ ಇನ್ನೂ ನಡೀತಿರುವಾಗಲೇ ಫೋನಿಂದ ಟ್ವಿಟರಲ್ಲಿ ಟೀಮಿನವರಿಗೆ ಶುಭವಾಗ್ಲಿ ಅಂತ ಒಂದು ಸಾಲು, ಕಾಲೇಜಿಗೆ ಕೆಟ್ಟ ಬೈಗುಳ ಇನ್ನೊಂದು ಸಾಲು. ಮಾರನೇ ದಿನ ಟೀಮಿಂದ ತೆಗೆದ್ರು. ಆ ಸೆಮಿಸ್ಟರಿನ ಸ್ಕಾಲರ್‌ಶಿಪ್ ಮಾತ್ರ ಉಳಿಸಿದ್ರು, ಅದು ಒಳ್ಳೇ ಕೆಲಸ, ಹೇಳಲೇಬೇಕು. ಹುಡುಗನೂ ಬಹಿರಂಗವಾಗಿ ಕ್ಷಮೆ ಕೇಳಿದ, ಮಾನಸಿಕ ಆರೋಗ್ಯದ ಕಡೆ ಗಮನ ಕೊಡ್ತೀನಿ ಅಂದ.

ಮ್ಯಾಚ್ ಏನಾಯ್ತು ಗೊತ್ತಾ ಮೇಷ್ಟ್ರೇ? 59-7. ಓಹಾಯೊ ಸ್ಟೇಟ್ ಗೆದ್ದಿತು. ನಡುನೀರಲ್ಲಿ ಯಾರೂ ಮುಳುಗಲಿಲ್ಲ. ಆವತ್ತು ನಷ್ಟ ಆದದ್ದು ಒಬ್ಬನಿಗೆ ಮಾತ್ರ, ಅವನನ್ನೇ ನಾವು ಇವತ್ತಿಗೂ ವಿಡಿಯೋ ಹಾಕ್ಕೊಂಡು ನೋಡ್ತಿದೀವಿ.

ಅಲ್ಲಿನ ವ್ಯವಸ್ಥೆ ಹೇಗೆ ಅಂದ್ರೆ, ಆಗ ಒಂದು ದೊಡ್ಡ ಕಾಲೇಜ್ ಟೀಮಿಗೆ 85 ಸ್ಕಾಲರ್‌ಶಿಪ್. ಮೈದಾನದಲ್ಲಿರೋರು 11 ಜನ. ಡಿಫೆನ್ಸಿಗೆ ಬೇರೆ, ಅಟ್ಯಾಕಿಗೆ ಬೇರೆ 11 ಅಂತ ಲೆಕ್ಕ ಹಾಕಿದ್ರೂ ಉಳಿದವರೆಲ್ಲ ಕಾಯೋರೇ. ಬೆಳಗ್ಗೆ ವೆಯ್ಟ್ ಟ್ರೇನಿಂಗ್, ಮಧ್ಯಾಹ್ನ ಪ್ರಾಕ್ಟೀಸ್, ರಾತ್ರಿ ವಿಡಿಯೋ ನೋಡೋದು, ಮಧ್ಯ ಕ್ಲಾಸು, ಇದೆಲ್ಲ ಮಾಡಿ ಶನಿವಾರ ಬಂದಾಗ ಸೈಡ್‌ಲೈನಲ್ಲಿ ನಿಂತ್ಕೋಬೇಕು. ಸಾಮಾನ್ಯವಾಗಿ ಐದು ವರ್ಷದೊಳಗೆ ನಾಲ್ಕು ಸೀಸನ್ ಆಡಿ ಮುಗಿಸ್ಬೇಕು ಅನ್ನೋ ಗಡುವು ಬೇರೆ ಇತ್ತು. ನಾಲ್ಕನೇ ವರ್ಷಕ್ಕೆ ಬಂದವನಿಗೆ ಮುಂದಿನ ವರ್ಷ ನೋಡೋಣ ಅನ್ನೋ ಸಮಾಧಾನ ಸಿಗೋದು ಕಷ್ಟ. ಅಂಥವನಿಗೆ ಅಷ್ಟೊಂದು ಜನರ ಮುಂದೆ ವಾಪಸ್ ಹೋಗು ಅಂತ ಕೈಬೀಸಿದ್ರೆ ಒಳಗೇನಾಗುತ್ತೆ ಅಂತ ನೀವು ಮಕ್ಕಳ ಜೊತೆ ಬದುಕು ಕಳೆದವರು, ನನಗಿಂತ ಚೆನ್ನಾಗಿ ಬಲ್ರಿ.

ಈಗ ಅದೇ ಸೀಸನ್, ಎರಡೇ ತಿಂಗಳು ಮುಂದೆ ಬನ್ನಿ. ನವೆಂಬರ್ 27ಕ್ಕೆ ಓಕ್ಲಹೋಮಾ ಯೂನಿವರ್ಸಿಟಿ ಒಂದು ದೊಡ್ಡ ಮ್ಯಾಚ್ ಸೋತಿತು, ಮಾರನೇ ದಿನವೇ ಕೋಚ್ ಲಿಂಕನ್ ರೈಲಿ ಸದರ್ನ್ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಗೆ ಹೊರಟ್ರು. ಅದರ ಮರುದಿನ ನೋಟ್ರ ಡಾಮ್ ಯೂನಿವರ್ಸಿಟಿ ಕೋಚ್ ಬ್ರಯನ್ ಕೆಲ್ಲಿ ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿಗೆ ಹೋಗ್ತಾರೆ ಅಂತ ಸುದ್ದಿ. ಅವರ ಟೀಮು 11 ಗೆದ್ದು ಒಂದೇ ಸೋತಿತ್ತು, ರಾಷ್ಟ್ರೀಯ ಪ್ಲೇಆಫಿಗೆ ಆಯ್ಕೆ ಆಗಬಹುದು ಅಂತ ಮಕ್ಕಳು ಕಾಯ್ತಿದ್ರು, ಸೀಸನ್ ಮುಗಿದೇ ಇರಲಿಲ್ಲ. ಬೆಳಗ್ಗೆ ಏಳಕ್ಕೆ ಹುಡುಗರನ್ನ ಸೇರಿಸಿ ವಿದಾಯ ಹೇಳಿದ್ರು, ಅದಕ್ಕೆ ಐದು ನಿಮಿಷವೂ ಹಿಡೀಲಿಲ್ಲ. ಹೊಸ ಕೆಲಸದ ಕಾಂಟ್ರಾಕ್ಟು ಹತ್ತು ವರ್ಷ, 9.5 ಕೋಟಿ ಡಾಲರ್. ಇವರನ್ನೂ ಬೈದವರಿದ್ರು, ಇಲ್ಲ ಅನ್ನಲ್ಲ. ಆದರೆ ಬೈದ ಮೇಲೆ ಅವರು ಕಳ್ಕೊಂಡದ್ದೇನು? ಹುಡುಗ ಒಂದು ಮ್ಯಾಚಿನ ಮಧ್ಯ ಹೋದ್ರೆ ಅಶಿಸ್ತು, ಕೋಚು ಇಡೀ ಟೀಮಿನ ಸೀಸನ್ ಮಧ್ಯ ಹೋದ್ರೆ ಕರಿಯರ್. ಈ ಎರಡು ಅಳತೆಗೋಲು ಕಂಡ್ರೆ ನನಗೆ ತಡ್ಕೊಳ್ಳೋಕಾಗಲ್ಲ ಮೇಷ್ಟ್ರೇ. ಇನ್ನೂ ಒಂದು ಸೇರಿಸ್ತೀನಿ, 2021ರ ಏಪ್ರಿಲ್ ತನಕ ಅಲ್ಲಿ ಫುಟ್‌ಬಾಲ್ ಹುಡುಗ ಕಾಲೇಜು ಬದಲಾಯಿಸಿದ್ರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. ಕೋಚಿಗೆ ಹಾಗೆ ಕೂರಿಸೋ ನಿಯಮ ಯಾವತ್ತೂ ಇರಲಿಲ್ಲ.

ಇದರ ಬೇರು ಬಹಳ ಹಳೇದು. 1955ರಲ್ಲಿ ಕೊಲರಾಡೋದ ಫೋರ್ಟ್ ಲೂಯಿಸ್ ಕಾಲೇಜಿನ ಆಟಗಾರ ರೇ ಡೆನ್ನಿಸನ್ ಮ್ಯಾಚಲ್ಲಿ ತಲೆಗೆ ಪೆಟ್ಟು ಬಿದ್ದು ಸತ್ತ. ಕೆಲಸದಲ್ಲಿ ಸತ್ತವರ ಮನೆಯವರಿಗೆ ಕೊಡೋ ಪರಿಹಾರ ಕೊಡಿ ಅಂತ ಹೆಂಡತಿ ಅರ್ಜಿ ಹಾಕಿದ್ರು. 1957ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ಕಾಲೇಜು ಫುಟ್‌ಬಾಲ್ ವ್ಯಾಪಾರ ಮಾಡ್ತಿಲ್ಲ, ಇವನು ನೌಕರ ಅಲ್ಲ, ಪರಿಹಾರ ಇಲ್ಲ ಅಂತ ತೀರ್ಪು ಕೊಟ್ಟಿತು. ಆಟದಿಂದ ಬರೋ ದುಡ್ಡು ಕೋಟಿಗಟ್ಟಲೆ ಬೆಳೀತಾ ಹೋಯ್ತು, ಹುಡುಗರ ಸ್ಥಾನ ಮಾತ್ರ ಅಲ್ಲೇ ಉಳೀತು. 2021ರ ಜೂನಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ, ಓದಿಗೆ ಸಂಬಂಧಪಟ್ಟ ಸೌಲಭ್ಯಗಳಿಗೆ ಕಾಲೇಜು ಕ್ರೀಡಾ ಸಂಸ್ಥೆ ಹಾಕಿದ್ದ ಮಿತಿ ಕಾನೂನಿಗೆ ವಿರುದ್ಧ ಅಂದ್ರು. ಮರುತಿಂಗಳು ಹುಡುಗರು ತಮ್ಮ ಹೆಸರು, ಫೋಟೋದಿಂದ ದುಡೀಬಹುದು ಅಂತಾಯ್ತು. ಕಾಲೇಜೇ ನೇರವಾಗಿ ದುಡ್ಡು ಕೊಡೋಕೆ ಶುರುವಾಗಿದ್ದು 2025ರಲ್ಲಿ.

ಎದ್ದು ಹೋಗದೆ ಉಳಿದವರ ಕಥೆಯೂ ಒಂದು ಹೇಳ್ತೀನಿ. ಮೇರಿಲ್ಯಾಂಡ್ ಯೂನಿವರ್ಸಿಟೀಲಿ 19 ವರ್ಷದ ಜಾರ್ಡನ್ ಮೆಕ್‌ನೇರ್. 2018ರ ಮೇ 29ಕ್ಕೆ ಟ್ರೇನಿಂಗ್, ನೂರಾಹತ್ತು ಗಜದ ಓಟ, ಒಂದಾದ ಮೇಲೊಂದು ಹತ್ತು ಸಲ. ಬಿಸಿಲಿನ ಆಘಾತಕ್ಕೆ ಕುಸಿದ, ಮೈ ಕಾವು 106 ಡಿಗ್ರಿ. ಇಂಥ ಹೊತ್ತಲ್ಲಿ ತಣ್ಣೀರಲ್ಲಿ ಮುಳುಗಿಸಬೇಕು ಅನ್ನೋದು ಪ್ರಾಥಮಿಕ ಚಿಕಿತ್ಸೆ, ಅದನ್ನೇ ಮಾಡಲಿಲ್ಲ. ಜೂನ್ 13ಕ್ಕೆ ಸತ್ತ. ತಪ್ಪು ನಮ್ಮದು ಅಂತ ಯೂನಿವರ್ಸಿಟಿಯೇ ಆಮೇಲೆ ಒಪ್ಕೊಂಡಿತು. ಅಷ್ಟಾದ ಮೇಲೂ ಅಕ್ಟೋಬರ್ 30ಕ್ಕೆ ಹೆಡ್ ಕೋಚನ್ನ ವಾಪಸ್ ಕೂರಿಸಿದ್ರು, ಆಗ ಟೀಮ್ ಮೀಟಿಂಗಿಂದ ಮೂವರು ಹುಡುಗರು ಎದ್ದು ಹೊರಗೆ ನಡೆದ್ರು. ಮಾರನೇ ದಿನ ಕೋಚನ್ನ ತೆಗೀಬೇಕಾಯ್ತು. ಆ ಮೂವರನ್ನ ಅಶಿಸ್ತಿನವರು ಅಂತೀರಾ ಮೇಷ್ಟ್ರೇ? ಅನ್ನಲ್ಲ ನೀವು, ನನಗೆ ಗೊತ್ತು.

ನಮ್ಮ ಕ್ರಿಕೆಟಲ್ಲೇ ನೋಡಿ. 1981ರ ಫೆಬ್ರವರಿ, ಮೆಲ್ಬೋರ್ನ್ ಟೆಸ್ಟ್. ನಮ್ಮ ವಿಶಿ, ಜಿ.ಆರ್. ವಿಶ್ವನಾಥ್, ಮೊದಲ ಇನಿಂಗ್ಸಲ್ಲಿ 114 ಹೊಡೆದಿದ್ದ ಮ್ಯಾಚು, ನಿಮಗೆ ಖಂಡಿತ ನೆನಪಿರುತ್ತೆ. ಎರಡನೇ ಇನಿಂಗ್ಸಲ್ಲಿ ಗವಾಸ್ಕರ್ 70 ಹೊಡೆದಾಗ ಲಿಲ್ಲಿ ಬಾಲಿಗೆ ಎಲ್‌ಬಿಡಬ್ಲ್ಯೂ ಕೊಟ್ರು, ಬ್ಯಾಟಿಗೆ ತಾಗಿತ್ತು ಅಂತ ಸಿಟ್ಟಾಗಿ ಜೊತೆಗಿದ್ದ ಚೇತನ್ ಚೌಹಾಣ್ ಅವರನ್ನೂ ತಳ್ಕೊಂಡು ಹೊರಟೇಬಿಟ್ರು. ಬೌಂಡರಿ ಗೆರೆ ಹತ್ರ ಟೀಮ್ ಮ್ಯಾನೇಜರ್ ವಿಂಗ್ ಕಮಾಂಡರ್ ದುರಾನಿ ಬಂದು ನಿಂತು ಚೌಹಾಣರನ್ನ ಒಳಗೇ ಉಳಿಸಿಕೊಂಡ್ರು, ಇಲ್ಲದಿದ್ರೆ ಟೆಸ್ಟೇ ಬಿಟ್ಟುಕೊಟ್ಟ ಹಾಗಾಗ್ತಿತ್ತು. ಆಮೇಲೆ ಕಪಿಲ್ 28 ರನ್ನಿಗೆ ಐದು ವಿಕೆಟ್ ಕಿತ್ತು ಆಸ್ಟ್ರೇಲಿಯಾನ 83ಕ್ಕೆ ಆಲೌಟ್ ಮಾಡಿದ್ದು, ನಾವು 59 ರನ್ನಲ್ಲಿ ಗೆದ್ದಿದ್ದು ಎಲ್ಲರಿಗೂ ಗೊತ್ತು. ಗವಾಸ್ಕರ್ ಕ್ಯಾಪ್ಟನ್ ಆಗೇ ಮುಂದುವರಿದ್ರು, ಅದು ಸರೀನೂ ಹೌದು, ಒಂದು ಸಿಟ್ಟಿನ ಗಳಿಗೆಗೆ ಒಬ್ಬನ ಇಡೀ ಬದುಕನ್ನ ತೂಗಬಾರದು. ನಾನು ಕೇಳೋದು ಅದೇ ಕ್ಷಮೆ ವರ್ಷಗಟ್ಟಲೆ ಕಾದ ಲೈನ್‌ಬ್ಯಾಕರಿಗೂ ಸಿಗಲಿ ಅಂತ. ಅವನ ಮುಂದೆ ಒಬ್ಬರು ದುರಾನಿ ಗಟ್ಟಿಯಾಗಿ ನಿಂತಿದ್ರೆ, ಮಾರನೇ ದಿನ ಹೆಸರು ಹೊಡೆದುಹಾಕದೆ ಒಂದು ವಾರ ಕೂತು ಮಾತಾಡಿದ್ರೆ ಏನು ಗಂಟು ಹೋಗ್ತಿತ್ತು?

ನಾನು ಹಿಂದೆ ಇದ್ದ ಒಂದು ದಿನಪತ್ರಿಕೇಲಿ, ಹೆಸರು ಬೇಡ, ಪೇಜ್ ಮಾಡೋ ಹುಡುಗ ಒಬ್ಬ ಇದ್ದ, ಹಾವೇರಿ ಕಡೆಯವನು. ಸಂಬಳ ತಿಂಗಳುಗಟ್ಟಲೆ ಬಾಕಿ. ಒಂದು ರಾತ್ರಿ ಜಿಲ್ಲಾ ಪುಟ ಅರ್ಧ ಕಟ್ಟಿದ್ದ, ಸ್ಕ್ರೀನ್ ಮೇಲೆ ಎಡಗಡೆ ಮೂರು ಕಾಲಂ ತುಂಬಿ ಬಲಗಡೆ ಖಾಲಿ ಬಾಕ್ಸು, ಮಾಲೀಕರ ಮಗನ ಮದುವೆ ಫೋಟೋ ಇನ್ನೂ ದೊಡ್ಡದು ಮಾಡು ಅಂತ ಮೇಲಿಂದ ಫೋನ್ ಬಂತು. ಹುಡುಗ ಮೌಸ್ ಪಕ್ಕಕ್ಕೆ ಸರಿಸಿ, ಕುರ್ಚಿಗೆ ನೇತುಹಾಕಿದ್ದ ಟಿಫನ್ ಬ್ಯಾಗ್ ತಗೊಂಡು, ಬರ್ತೀನಿ ಸಾರ್ ಅಂತ ನನಗೊಬ್ಬನಿಗೆ ಹೇಳಿ ಮೆಟ್ಟಿಲಿಳಿದು ಹೋದ. ಎಡಿಷನ್ ಲೇಟಾಯ್ತು, ಪೇಪರ್ ಒಯ್ಯೋ ಟ್ಯಾಕ್ಸಿ ತಪ್ಪಿತು, ಡೆಸ್ಕಲ್ಲಿ ಎಲ್ಲರೂ ಅವನಿಗೆ ಹಿಡಿಶಾಪ. ಕೆಲವು ತಿಂಗಳಿಗೆ ಮಾಲೀಕರೇ ಪತ್ರಿಕೆ ಮುಚ್ಚಿದ್ರು, ಬಾಕಿ ಯಾರಿಗೂ ಬರಲಿಲ್ಲ, ಅವರನ್ನ ಆಮೇಲೂ ಸಮಾರಂಭಗಳಿಗೆ ಕರೆದು ಶಾಲು ಹೊದಿಸ್ತಾ ಇದ್ರು.

ಎಲ್ಲಿ ನೋಡಿದ್ರೂ ಇದೇ ಕಥೆ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಹುಡುಗರು ಕೆಲಸ ಬಿಡ್ತೀನಿ ಅಂದ್ರೆ 90 ದಿನ ನೋಟಿಸ್ ಪೀರಿಯಡ್ ಮಾಡು ಅಂತಾರೆ, ಕಂಪನಿ ತೆಗೆಯೋದಾದ್ರೆ ಬೆಳಗ್ಗೆ ಮೀಟಿಂಗ್, ಮಧ್ಯಾಹ್ನಕ್ಕೆ ಲ್ಯಾಪ್‌ಟಾಪ್ ಲಾಕು. ಹೆಣ್ಮಕ್ಕಳಿಗೆ ಗಂಡನ ಮನೇಲಿ ಏನೇ ಆಗ್ಲಿ ಅಡ್ಜಸ್ಟ್ ಮಾಡ್ಕೊ, ಮಧ್ಯದಲ್ಲಿ ಬರಬೇಡ, ನಾಲ್ಕು ಜನ ಏನಂತಾರೆ ಅಂತ ತವರಿನವರೇ ಹೇಳ್ತಾರೆ. ರಾಜಸ್ಥಾನದ ಕೋಟಾದಲ್ಲೋ ಮಂಗಳೂರಲ್ಲೋ ಕೋಚಿಂಗ್ ಸೇರಿದ ಮಗು ಫೋನ್ ಮಾಡಿ ಆಗ್ತಿಲ್ಲಪ್ಪ, ವಾಪಸ್ ಬರ್ತೀನಿ ಅಂದ್ರೆ ಫೀಸು ಕಟ್ಟಿಯಾಗಿದೆ, ವರ್ಷ ಮುಗಿಸು ಅಂತೀವಿ. ಕೆಲವು ಮಕ್ಕಳ ವಿಷಯದಲ್ಲಿ ಆಮೇಲೆ ಏನು ಸುದ್ದಿ ಬರುತ್ತೆ ಅಂತ ಪತ್ರಿಕೆ ಓದೋ ನಿಮಗೆ ನಾನು ಹೇಳಬೇಕಾಗಿಲ್ಲ. ವಾಪಸ್ ಬಾ ಅನ್ನೋಕೆ ನಮಗ್ಯಾಕೆ ಇಷ್ಟು ಕಷ್ಟ?

ಮೇಷ್ಟ್ರೇ, ಮೊಮ್ಮಗನ ಮೇಲೆ ಸಿಟ್ಟು ಮಾಡ್ಕೋಬೇಡಿ. ಅವನು ಬೈಗುಳದ ಪೋಸ್ಟನ್ನ ಹೊಗಳ್ತಿಲ್ಲ, ಆ ಹುಡುಗನ ಮುಖ ನೋಡಿ ಮರುಗ್ತಿದಾನೆ, ಅದು ನೀವು ಬೆಳೆಸಿದ ಮನೆಯ ಗುಣವೇ. ಇನ್ನೊಂದು ವಿಷಯ. ನಿಮ್ಮ ಪತ್ರದ ಎರಡನೇ ಪುಟದಲ್ಲಿ, ನಾವು ಮೇಲೆ ಅಚ್ಚು ಮಾಡದ ಭಾಗದಲ್ಲಿ, ಜಿಲ್ಲಾ ಮಟ್ಟದ ಕಬಡ್ಡೀಲಿ ಹಾಫ್ ಟೈಮಿಗೆ ಬಸ್ ಹತ್ತಿ ಊರಿಗೆ ಹೋದ ಒಬ್ಬ ಹುಡುಗನ್ನ ಆಮೇಲೆ ಯಾವ ಟೀಮಿಗೂ ತಗೊಳ್ಳಲಿಲ್ಲ ಅಂತ ಬರೆದಿದೀರಿ. ಅವತ್ತು ಅವನು ಯಾಕೆ ಹೋದ ಅಂತ ಮಾತ್ರ ಬರೆದಿಲ್ಲ. ಅವನೂ ಈಗ ಸಂಸಾರಸ್ಥ ಆಗಿರ್ತಾನೆ, ನಿಮ್ಮೂರಿನ ಆಸುಪಾಸಲ್ಲೇ ಇರಬಹುದು. ಹುಡುಕಿಸಿ, ಮನೆಗೆ ಕರೆದು ಕೇಳಿ, ಅವನೇನು ಹೇಳ್ತಾನೋ ಅವನು ಒಪ್ಪಿದ್ರೆ ನನಗೆ ಬರೆದು ಕಳಿಸಿ. ಎಷ್ಟೇ ಪುಟ ಆದ್ರೂ ಜಾಗ ಕೊಡ್ತೀನಿ.