ಪ್ರತಿ: ಬೆಳ್ಳಿ ಕಣ ಹಾಕಿದ ಮೇಲೆ ಹೊಳಪು ಕಮ್ಮಿ ಆಯ್ತು, ಯಾಕೆ?

ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೀರು ಪರೀಕ್ಷೆ ಮಾಡೋ ಸೆನ್ಸರ್‌ಗೆ, ಸ್ಲೈಡ್ ಮೇಲೆ ಬೆಳ್ಳಿ ನ್ಯಾನೋಕಣ ಕೂರಿಸಿ ಅದರ ಮೇಲೆ ನೇರವಾಗಿ ಫ್ಲೋರೆಸೀನ್ (ಬೆಳಕು ಹೀರಿ ಹಸಿರಾಗಿ ಹೊಳೆಯೋ ಡೈ) ಹಾಕಿದೆ, ಸಿಗ್ನಲ್ ಅಂದ್ರೆ ಹೊಳಪು ಏರೋದು ಬಿಟ್ಟು ಇಳೀತು ಅಂದಿದ್ದೀರಿ. ಎಡವಟ್ಟು ಆಗಿರೋದು ಆ 'ನೇರವಾಗಿ' ಅನ್ನೋದ್ರಲ್ಲೇ. ಡೈ ಅಣು ಲೋಹಕ್ಕೆ ಸುಮಾರು 5 ನ್ಯಾನೋಮೀಟರ್‌ಗಿಂತ ಹತ್ತಿರ ಇದ್ರೆ, ಹೀರಿಕೊಂಡ ಶಕ್ತಿ ಬೆಳಕಾಗೋ ಮೊದಲೇ ಲೋಹಕ್ಕೆ ಹೋಗಿ ಶಾಖವಾಗಿಬಿಡುತ್ತೆ. ತೀರಾ ದೂರ ಇಟ್ರೆ ಬೆಳಕು ಬಿದ್ದಾಗ ಕಣದ ಸುತ್ತ ಬಲಗೊಂಡು ಹೊಳಪು ಏರಿಸೋ ವಿದ್ಯುತ್ ಕ್ಷೇತ್ರ ಅದಕ್ಕೆ ತಾಕೋದೇ ಇಲ್ಲ. ನಡುವೆ 10 ನ್ಯಾನೋಮೀಟರ್ ಆಸುಪಾಸು ಸಿಲಿಕಾ (ಗಾಜಿನಂಥ ವಸ್ತು) ಪದರ ಕೊಟ್ಟು ನೋಡಿ. ನಾಲೆ ನೀರಲ್ಲಿರೋ ಕ್ಲೋರೈಡ್ ಬೆಳ್ಳಿಯನ್ನ ಕೆಡಿಸದ ಹಾಗೆ ಕೂಡ ಆ ಪದರ ಸ್ವಲ್ಪ ಕಾಯುತ್ತೆ.

ಇನ್ನೊಂದು ಮಾತು. ಕ್ಷಾರೀಯ ದ್ರಾವಣದಲ್ಲಿ ಫ್ಲೋರೆಸೀನ್‌ನ ಕ್ವಾಂಟಮ್ ಯೀಲ್ಡ್ (ಹೀರಿದ ಬೆಳಕಿನ ಕಣಗಳಲ್ಲಿ ಎಷ್ಟು ಪಾಲು ಮತ್ತೆ ಬೆಳಕಾಗಿ ಹೊರಬರುತ್ತೆ ಅನ್ನೋ ಲೆಕ್ಕ) ಆಗಲೇ 0.9 ಹತ್ತಿರ. ಅದನ್ನ ಇನ್ನೆಷ್ಟು ಅಂತ ಏರಿಸ್ತೀರಿ? ಲೋಹದ ಲಾಭ ಚೆನ್ನಾಗಿ ಕಾಣೋದು ಯೀಲ್ಡ್ ಕಮ್ಮಿ ಇರೋ ಡೈಗಳಲ್ಲಿ. ಚಿನ್ನ ಹಾಕಿ ಅಂತ ಯಾರಾದ್ರೂ ಅಂದ್ರೆ ಈ ಡೈಗಂತೂ ಬೇಡ. ಸಣ್ಣ ಚಿನ್ನದ ಕಣ 520 ನ್ಯಾನೋಮೀಟರ್ ಹತ್ತಿರ ಹೀರುತ್ತೆ, ಫ್ಲೋರೆಸೀನ್ ಬೆಳಗೋದೂ ಅಲ್ಲೇ.

ಹೋಲಿಕೆಗೆ ಬೆಳ್ಳಿ ಇಲ್ಲದೆ ಬರೀ ಸಿಲಿಕಾ ಬಳಿದ ಸ್ಲೈಡ್ ಒಂದನ್ನೂ ಅಳೀರಿ.