ಎಂಎಡ್ ಮಾಡಿದ್ರೆ ಪ್ರಿನ್ಸಿಪಾಲ್ ಆಗ್ತೇನಾ ಅಂತ ಕೇಳುವ ಟೀಚರುಗಳಿಗೆ

ಎಪ್ರಿಲ್ ರಜೆ ಶುರುವಾದ ಕೂಡ್ಲೆ ನನಗೆ ಒಂದೇ ಪ್ರಶ್ನೆ ಬರ್ಲಿಕ್ಕೆ ಶುರು, ಹೆಸರು ಬೇರೆ ಊರು ಬೇರೆ ಪ್ರಶ್ನೆ ಮಾತ್ರ ಅದೇ. ಕಳೆದ ವರ್ಷವೂ ಬರ್ದಿದ್ದೆ, ಯಾರೂ ಓದಿಲ್ಲ ಅಂತ ಕಾಣ್ತದೆ. ಇರ್ಲಿ, ಇನ್ನೊಮ್ಮೆ ಬರೀತೇನೆ. ಅರ್ಜಿ ಎಲ್ಲಿ ಹಾಕುದು, ಫೀಸ್ ಎಷ್ಟು, ಅದೆಲ್ಲ ನನ್ನ ಹತ್ರ ಕೇಳ್ಬೇಡಿ, ಮಕ್ಕಳಿಗೆ ಪ್ರಾಜೆಕ್ಟ್ ಕೊಟ್ಟು ಹುಡುಕಿ ಬನ್ನಿ ಅಂತ ಹೇಳುವವರು ನೀವೇ ಅಲ್ವಾ. ಈ ಸಲ ಬಂದ ಒಂದು ಪತ್ರ ಹೀಗುಂಟು:

ಮೇಡಂ, ನಾನು ಸುರತ್ಕಲ್ ಹತ್ರದ ಒಂದು ಸಿಬಿಎಸ್‌ಇ ಶಾಲೆಯಲ್ಲಿ 11 ವರ್ಷದಿಂದ ಇಂಗ್ಲಿಷ್ ಟೀಚರ್. ಬಿಎ, ಬಿಎಡ್ ಆಗಿದೆ, ವಯಸ್ಸು 37. ಪ್ರಿನ್ಸಿಪಾಲ್ ಆಗ್ಬೇಕು ಅಂತ ಆಸೆ. ಕೆಲಸ ಬಿಟ್ಟು ಎಂಎಡ್ ಮಾಡ್ಲಾ? ಒಬ್ರು ಏಜೆಂಟ್ ಹೊರ ರಾಜ್ಯದ ಯುನಿವರ್ಸಿಟಿಯಲ್ಲಿ ಕ್ಲಾಸಿಗೆ ಹೋಗದೆ ಮಾಡಿಸ್ತೇನೆ, ಪರೀಕ್ಷೆಗೆ ಮಾತ್ರ ಬಂದ್ರೆ ಸಾಕು ಅಂತಿದ್ದಾರೆ.

ಮೊದ್ಲು ಆ ಏಜೆಂಟಿನ ನಂಬರ್ ಬ್ಲಾಕ್ ಮಾಡಿ, ಆಮೇಲೆ ಮುಂದೆ ಓದಿ.

ಟೀಚರ್ ತರಬೇತಿ ಕೋರ್ಸುಗಳಿಗೆ ಮಾನ್ಯತೆ ಕೊಡುವ ಕೇಂದ್ರದ ಸಂಸ್ಥೆ ಎನ್‌ಸಿಟಿಇ, ಅದರ 2014ರ ನಿಯಮದ ಪ್ರಕಾರ ಎಂಎಡ್ ಅಂದ್ರೆ ಎರಡು ವರ್ಷ, ವರ್ಷಕ್ಕೆ 200 ಕೆಲಸದ ದಿನ, ಥಿಯರಿಗೂ ಪ್ರಾಕ್ಟಿಕಮ್‌ಗೂ 80 ಪರ್ಸೆಂಟ್ ಹಾಜರಿ, ಫೀಲ್ಡ್ ಕೆಲಸಕ್ಕೆ 90. ಡಿಸ್ಟೆನ್ಸ್‌ನಲ್ಲಿ ಮಾಡ್ಬಹುದು ಅಂತ ಆ ನಿಯಮದಲ್ಲಿ ಇದ್ದದ್ದು ಡಿಎಲ್‌ಎಡ್ (ಪ್ರೈಮರಿ ಟೀಚರುಗಳ ಡಿಪ್ಲೊಮಾ) ಮತ್ತು ಬಿಎಡ್, ಎಂಎಡ್ ಆ ಪಟ್ಟಿಯಲ್ಲೇ ಇರ್ಲಿಲ್ಲ. ಹಾಗಿರುವಾಗ ಸುರತ್ಕಲ್‌ನಲ್ಲಿ ದಿನಾ ಪಾಠ ಮಾಡ್ತಾ ಇರುವವರಿಗೆ ಇನ್ನೊಂದು ರಾಜ್ಯದಲ್ಲಿ 80 ಪರ್ಸೆಂಟ್ ಹಾಜರಿ ಹೇಗೆ ಬರ್ತದೆ ಹೇಳಿ, ಒಂದೇ ದಿನ ಎರಡು ಕಡೆ ಸಹಿ ಹಾಕಿದ್ದು ಅಂತ ನಾಳೆ ಸರ್ಟಿಫಿಕೇಟ್ ವೆರಿಫಿಕೇಶನ್‌ನಲ್ಲಿ ಸಿಕ್ಕಿ ಬಿದ್ರೆ ಇರುವ ಕೆಲಸವೂ ಹೋಗ್ತದೆ. ಯುನಿವರ್ಸಿಟಿ ಒರಿಜಿನಲ್ ಅಂತ ಅವ ಹೇಳುದು ಸತ್ಯವೇ ಇರ್ಬಹುದು, ಆದ್ರೆ ಯುನಿವರ್ಸಿಟಿ ಒರಿಜಿನಲ್ ಆದ್ರೆ ಸಾಲದು, ಆ ಕಾಲೇಜಿಗೆ ಎಂಎಡ್ ಕೋರ್ಸಿಗೇ ಎನ್‌ಸಿಟಿಇ ಮಾನ್ಯತೆ ಇರ್ಬೇಕು, ಬಿಎಡ್‌ಗೆ ಇದ್ದದ್ದು ಎಂಎಡ್‌ಗೆ ಆಗುದಿಲ್ಲ. ಬಂದರಿನಲ್ಲಿ ಬಂಗುಡೆ ತಗೊಳ್ಳುವಾಗ ಕಿವಿರು ಎತ್ತಿ ನೋಡ್ತೀರಿ, ಲಕ್ಷಗಟ್ಲೆ ಕೊಟ್ಟು ಡಿಗ್ರಿ ತಗೊಳ್ಳುವಾಗ ಒಂದು ವೆಬ್‌ಸೈಟ್ ತೆರೆದು ನೋಡ್ಲಿಕ್ಕೆ ಎಂತ ದಾಡಿ?

ಈಗ ಕೆಲಸ ಬಿಟ್ಟು ರೆಗ್ಯುಲರ್ ಮಾಡುವ ವಿಷಯ. ಇಲ್ಲಿ ನನಗೆ ಸಿಟ್ಟು ಬರುದು ನಿಮ್ಮ ಮೇಲೆ ಅಲ್ಲ, ಎಂಎಡ್ ಅಂದ್ರೆ ಹೆಡ್‌ಮಿಸ್ ಆಗುವ ಡಿಗ್ರಿ ಅಂತ ಸ್ಟಾಫ್‌ರೂಮಲ್ಲಿ ಕೂತು ಹೇಳುವ ಸೀನಿಯರುಗಳ ಮೇಲೆ. ಎಂಎಡ್ ಮುಖ್ಯವಾಗಿ ಬಿಎಡ್ ಕಾಲೇಜಲ್ಲಿ ಪಾಠ ಮಾಡುವವರ ಡಿಗ್ರಿ. ಅಲ್ಲಿ ಅದು ಬೇಕೇ ಬೇಕು, ಅದೂ 55 ಪರ್ಸೆಂಟ್, ಜೊತೆಗೆ ಒಂದು ವಿಷಯದಲ್ಲಿ ಪಿಜಿ. ಬಿಎಡ್ ಕಾಲೇಜಿನ ಪ್ರಿನ್ಸಿಪಾಲ್ ಆಗ್ಬೇಕಿದ್ರೆ ಪಿಎಚ್‌ಡಿ, ಮೇಲೆ 8 ವರ್ಷದ ಅನುಭವ. ಶಾಲೆಯ ದಾರಿ ಬೇರೆ. 2022ರಲ್ಲಿ ಕೇಂದ್ರೀಯ ವಿದ್ಯಾಲಯದವರು ಪ್ರಿನ್ಸಿಪಾಲ್ ಹುದ್ದೆಗೆ ಕರೆದದ್ದು ತೆಗೆದು ಓದಿ, ಕೇಳಿದ್ದು ಮಾಸ್ಟರ್ ಡಿಗ್ರಿಯಲ್ಲಿ 50 ಪರ್ಸೆಂಟ್, ಬಿಎಡ್, ಮತ್ತೆ ವರ್ಷಗಟ್ಲೆ ಪಾಠ ಮಾಡಿದ ಅನುಭವ. ಪಣಂಬೂರು, ಎಕ್ಕೂರಿನ ಕೆವಿಗಳಿಗೆ ಬರುವ ಪ್ರಿನ್ಸಿಪಾಲ್‌ಗಳೂ ಆ ದಾರಿಯಲ್ಲೇ ಬಂದವರು.

ಹಾಗಾದ್ರೆ ನಿಮ್ಮ ಹತ್ರ ಇಲ್ಲದ್ದು ಎಂತ? ಎಂಎ. ಅದು ನಿಮ್ಮ ಲೆಕ್ಕಕ್ಕೇ ಬರ್ಲಿಲ್ಲ! ಎಂಎ ಇಂಗ್ಲಿಷ್ ಆದ್ರೆ 11, 12ನೇ ಕ್ಲಾಸಿಗೆ ಪಾಠ ಮಾಡ್ಬಹುದು, ಪಿಜಿಟಿ ಅಂದ್ರೆ ಪೋಸ್ಟ್ ಗ್ರಾಜುಯೇಟ್ ಟೀಚರ್ ಆಗ್ತೀರಿ, ವೈಸ್ ಪ್ರಿನ್ಸಿಪಾಲ್ ಕುರ್ಚಿಗೆ ಹೋಗುದು ಸಾಮಾನ್ಯ ಅಲ್ಲಿಂದ. ದೆಹಲಿಯ ಮುಕ್ತ ವಿವಿ ಇಗ್ನೋದಲ್ಲೂ ಉಂಟು, ಮೈಸೂರಿನ ಮುಕ್ತ ವಿವಿಯಲ್ಲೂ ಉಂಟು, ಕೆಲಸ ಬಿಡ್ಬೇಕಂತ ಇಲ್ಲ. ಸೇರುವ ಮೊದ್ಲು ಆ ವರ್ಷದ, ಆ ಕೋರ್ಸಿನ ಹೆಸರು ಯುನಿವರ್ಸಿಟಿಗಳ ಮೇಲಿನ ಸಂಸ್ಥೆ ಯುಜಿಸಿಯ ಡಿಸ್ಟೆನ್ಸ್ ಪಟ್ಟಿಯಲ್ಲಿ ಉಂಟಾ ನೋಡಿ, ನಾನು ಈ ವಿಷಯದಲ್ಲಿ ಸ್ವಲ್ಪ ಪುಕ್ಕಲಿ, ಮೈಸೂರಿನ ಮುಕ್ತ ವಿವಿಗೆ 2013ರಿಂದ 2018ರವರೆಗೆ ಮಾನ್ಯತೆ ಇಲ್ಲದೆ ಪೇಚಾಡಿದವರನ್ನು ಕಣ್ಣಾರೆ ನೋಡಿದ್ದೇನೆ.

ಆಡಳಿತದ್ದೇ ಕಲಿಬೇಕು ಅಂತಿದ್ರೆ ಇಗ್ನೋದಲ್ಲಿ ಎಜುಕೇಶನಲ್ ಮ್ಯಾನೇಜ್‌ಮೆಂಟ್ ಆಂಡ್ ಅಡ್ಮಿನಿಸ್ಟ್ರೇಶನ್ ಅಂತ ಒಂದು ಪಿಜಿ ಡಿಪ್ಲೊಮಾ ಉಂಟು. ದೆಹಲಿಯಲ್ಲಿ ಶಿಕ್ಷಣದ ಆಡಳಿತ ಕಲಿಸುವ ಸಂಸ್ಥೆ ನೀಪಾದವರ ಸ್ಕೂಲ್ ಲೀಡರ್‌ಶಿಪ್ ಕೇಂದ್ರದ ಆನ್‌ಲೈನ್ ಕೋರ್ಸ್ ದುಡ್ಡಿಲ್ಲದೆ ಸಿಗ್ತದೆ. ದುಡ್ಡಿಲ್ಲ ಅಂದ ಕೂಡ್ಲೆ ನಮ್ಮವರಿಗೆ ಅದು ಕೋರ್ಸೇ ಅಲ್ಲ, ಅದು ಬೇರೆ ವಿಷಯ.

ಇನ್ನು ನನ್ನದೇ ಒಂದು ಕತೆ. ನಾನು ಎಂಎಡ್ ಮಾಡಿದವಳೇ, ಅದು ಒಂದೇ ವರ್ಷದ ಕೋರ್ಸ್ ಆಗಿದ್ದ ಕಾಲದ್ದು, ಅಡ್ಮಿನಿಸ್ಟ್ರೇಶನ್ ಪೇಪರಲ್ಲಿ ಕ್ಲಾಸಿಗೇ ಹೆಚ್ಚು ಮಾರ್ಕು. ಹೆಡ್‌ಮಿಸ್ ಆದ ಮೊದಲನೇ ಜೂನಲ್ಲಿ ಟೈಮ್‌ಟೇಬಲ್ ಹಾಕ್ಲಿಕ್ಕೆ ಕೂತೆ. 10 ಕ್ಲಾಸು, 14 ಟೀಚರು, ಹಿಂದಿಗೆ ಒಬ್ರೇ. ಮೂರು ದಿನ ಮಂಡೆ ಬೆಚ್ಚ ಮಾಡಿ ಮುಗಿಸಿ ನೋಟಿಸ್ ಬೋರ್ಡಿಗೆ ಅಂಟಿಸಿದೆ, ಬುಧವಾರ ನಾಲ್ಕನೇ ಪೀರಿಯಡಿಗೆ ಹಿಂದಿ ಟೀಚರ್ ಏಳನೇ ಕ್ಲಾಸಲ್ಲೂ ಇದ್ದಾರೆ ಒಂಬತ್ತರಲ್ಲೂ ಇದ್ದಾರೆ, ಪಿಟಿ ಮಾಸ್ಟ್ರು ಇಡೀ ದಿನ ಎಲ್ಲೂ ಇಲ್ಲ. ಸರಿ ಮಾಡಿ ಕೊಟ್ಟದ್ದು ಆಫೀಸಿನ ಕ್ಲಾರ್ಕು, ಎಸ್‌ಎಸ್‌ಎಲ್‌ಸಿವರೆಗೆ ಓದಿದವರು. ಹಳೆ ಕ್ಯಾಲೆಂಡರಿನ ಹಿಂದೆ ಪೆನ್ಸಿಲಲ್ಲಿ ಗೀಟು ಎಳೆದು, "ಮೇಡಂ, ಒಬ್ರೇ ಇರುವವರನ್ನು ಮೊದ್ಲು ಕೂರಿಸಿ, ಇಬ್ರು ಮೂರು ಜನ ಇರುವ ಸಬ್ಜೆಕ್ಟ್ ಆಮೇಲೆ ಎಲ್ಲಿ ಬೇಕಾದ್ರೂ ಕೂರ್ತದೆ" ಅಂದ್ರು. ಮಧ್ಯಾಹ್ನದ ಊಟದೊಳಗೆ ಮುಗೀತು.

ಅದಕ್ಕೇ ಹೇಳುದು, ಈಗಿರುವ ಶಾಲೆಯಲ್ಲೇ ಆಫೀಸಿನ ಕೆಲಸ ಕೇಳಿ ತಗೊಳ್ಳಿ. ಟೈಮ್‌ಟೇಬಲ್, ರಜೆ ಹಾಕಿದವರ ಬದಲಿಗೆ ಯಾರನ್ನು ಕಳಿಸುದು, ಸರ್ಕಾರಕ್ಕೆ ಶಾಲೆಯ ಲೆಕ್ಕ ಕೊಡುವ ಯುಡೈಸ್ ತುಂಬುದು. ಬೋರ್ಡಿಗೆ ಎಲ್‌ಒಸಿ, ಅಂದ್ರೆ ಪರೀಕ್ಷೆಗೆ ಕೂರುವ ಮಕ್ಕಳ ಪಟ್ಟಿ, ಕಳಿಸುವಾಗ ಪಕ್ಕದಲ್ಲಿ ಕೂತು ನೋಡಿ, ಹತ್ತನೇ ಕ್ಲಾಸಿನ ಹುಡುಗನ ಅಪ್ಪನ ಹೆಸರಲ್ಲಿ ಒಂದು ಅಕ್ಷರ ತಪ್ಪಿದ್ರೆ ಅದನ್ನು ತಿದ್ದಿಸ್ಲಿಕ್ಕೆ ಎಷ್ಟು ಕಾಗದ ಬೇಕು ಅಂತ ಆಗ ಗೊತ್ತಾಗ್ತದೆ. ಜುಲೈಯಲ್ಲಿ ಬೆಳಿಗ್ಗೆ ಆರು ಗಂಟೆಗೆ ಆಚೆ ಮಳೆ ಹೊಡೀತಾ ಇರ್ತದೆ, ಡಿಸಿ ರಜೆ ಕೊಟ್ಟಿದ್ದಾರಾ ಇಲ್ವಾ ಗೊತ್ತಿಲ್ಲ, ಬಸ್ಸು ಹಳೆಯಂಗಡಿಯಿಂದ ಹೊರಟಾಗಿದೆ, ಐವತ್ತು ಜನ ಪೇರೆಂಟ್ಸ್ ಫೋನ್ ಮಾಡ್ತಾ ಇದ್ದಾರೆ, ಸಂಚಾಲಕರು ಫೋನ್ ತೆಗೀತಾ ಇಲ್ಲ. ಆ ಹೊತ್ತಿಗೆ ಬಸ್ಸಿನ ಡ್ರೈವರಿಗೆ ಎಂತ ಹೇಳುದು ಅಂತ ತೀರ್ಮಾನ ಮಾಡುವವರನ್ನೇ ಮ್ಯಾನೇಜ್‌ಮೆಂಟಿನವರು ನೆನಪಿಟ್ಟುಕೊಳ್ಳುದು.

ಎಂಎಡ್ ಬೇಡವೇ ಬೇಡ ಅಂತ ನಾನು ಹೇಳ್ಲಿಲ್ಲ. ಬಿಎಡ್ ಕಾಲೇಜಿಗೆ ಹೋಗುವ ಮನಸ್ಸಿದ್ರೆ, ಮನೆಯಲ್ಲಿ ಎರಡು ವರ್ಷ ಒಬ್ಬರ ಸಂಬಳದಲ್ಲಿ ನಡೀತದೆ ಅಂತಿದ್ರೆ, ಮಾಡಿ, ಚೆಂದದ ಓದು ಅದು. ಆದ್ರೆ ಪ್ರೈವೇಟ್ ಶಾಲೆಯಲ್ಲಿ 11 ವರ್ಷದ ಸರ್ವಿಸ್ ಬಿಟ್ಟು ಹೋದವರಿಗೆ ಅದೇ ಕುರ್ಚಿ ಕಾಯ್ತಾ ಇರುದಿಲ್ಲ ಮಾರಾಯ್ತಿ.

ಉಳಿದದ್ದು ಬೇಗ ಬೇಗ ಮುಗಿಸ್ತೇನೆ.

ಎಂಎ ಎಜುಕೇಶನ್ ಮತ್ತು ಎಂಎಡ್ ಒಂದೇ ಅಲ್ವಾ? (ಮಣಿಪಾಲದಿಂದ)
ಅಲ್ಲ. ಎಂಎ ಎಜುಕೇಶನ್‌ಗೆ ಬಿಎಡ್ ಇಲ್ಲದವರೂ ಸೇರ್ಬಹುದು, ಆದ್ರೆ ಅದು ಬಿಎಡ್‌ನ ಬದಲಿಗೆ ನಡೆಯುದಿಲ್ಲ.

ನಾನು 2012ರಲ್ಲಿ ಒಂದು ವರ್ಷದ ಎಂಎಡ್ ಮಾಡಿದ್ದು, ಈಗ ವ್ಯಾಲಿಡ್ ಹೌದಾ? (ಕಾರ್ಕಳ)
ಹೌದು. ಎರಡು ವರ್ಷ ಆದದ್ದು 2015ರಿಂದ. ವಾಟ್ಸಾಪ್ ಓದುದು ಕಡಿಮೆ ಮಾಡಿ.

ಸರ್ಕಾರಿ ಹೈಸ್ಕೂಲಲ್ಲಿ ಇದ್ದೇನೆ, ಎಂಎಡ್ ಆದ್ರೆ ಎಚ್‌ಎಂ ಪ್ರಮೋಶನ್ ಬೇಗ ಸಿಗ್ತದಾ? (ಬೈಂದೂರು)
ಸೀನಿಯಾರಿಟಿ ಪಟ್ಟಿಯಲ್ಲಿ ನಿಮ್ಮ ಹೆಸರು ಎಲ್ಲುಂಟು ಅಂತ ಬಿಇಒ ಆಫೀಸಲ್ಲಿ ಕೇಳಿ, ನನ್ನ ಹತ್ರ ಅಲ್ಲ.

ಬಿಎಡ್ ಮಾಡ್ತಾ ಡಿಸ್ಟೆನ್ಸ್‌ನಲ್ಲಿ ಎಂಎ ಮಾಡ್ಬಹುದಾ? (ಪುತ್ತೂರು)
2022ರಿಂದ ಯುಜಿಸಿ ಒಟ್ಟಿಗೆ ಎರಡು ಡಿಗ್ರಿಗೆ ಒಪ್ಪಿದೆ, ಆದ್ರೆ ನಿಮ್ಮ ಬಿಎಡ್ ಕಾಲೇಜಿನವರು ಒಪ್ತಾರಾ ಅಂತ ಬರವಣಿಗೆಯಲ್ಲಿ ತಗೊಳ್ಳಿ. ಬಾಯಿ ಮಾತು ಬೇಡ.

ವಿದೇಶಿ ಯುನಿವರ್ಸಿಟಿಯ ಆನ್‌ಲೈನ್ ಪಿಎಚ್‌ಡಿ, ಒಂದೂವರೆ ವರ್ಷ, ಹೇಗೆ? (ಉಳ್ಳಾಲ)
ಆಪ್ ಕಂಪೆನಿಗಳ ಮೂಲಕ ಮಾಡುವ ಅಂಥ ಪಿಎಚ್‌ಡಿಗೆ ಮಾನ್ಯತೆ ಇಲ್ಲ ಅಂತ ಯುಜಿಸಿ 2022ರಲ್ಲೇ ಹೇಳಿ ಆಗಿದೆ.

ಗೌರವ ಡಾಕ್ಟರೇಟ್ ಕೊಡಿಸ್ತಾರಂತೆ, ಹೆಸರಿನ ಹಿಂದೆ ಡಾ. ಹಾಕಿದ್ರೆ ಇಂಟರ್ವ್ಯೂನಲ್ಲಿ ತೂಕ ಬರ್ತದಾ ಮೇಡಂ? (ಹೆಸರು ಬೇಡ ಅಂದಿದ್ದಾರೆ)
ಹೆಸರು ಬೇಡ ಅಂದದ್ದು ಒಳ್ಳೇದಾಯ್ತು.